ಮನೆ ತುಂಬ ಬಸವಲಿಂಗ

ನನ್ನ ಹೆಸರು ಬಸವಲಿಂಗ. ಇದನ್ನು ನಾನೇ ಹೇಳಿಕೊಳ್ಳಬೇಕು, ಏಕೆಂದರೆ ಬೇರೆ ಯಾರೂ ಹೇಳುವುದಿಲ್ಲ. ಪುಣೆಯ ಸದಾಶಿವ ಪೇಠೆಯಲ್ಲಿ ನನ್ನದೊಂದು ನೋಟ್‌ಬುಕ್ಕು, ಪೆನ್ನುಗಳ ಅಂಗಡಿ. ಅದರ ಬೋರ್ಡಿನ ಮೇಲಿರುವುದು ನಮ್ಮಪ್ಪನ ಹೆಸರು. ಕೋಚಿಂಗ್ ಕ್ಲಾಸಿನ ಹುಡುಗರು ನನ್ನನ್ನು ‘ಕಾಕಾ’ ಎನ್ನುತ್ತಾರೆ, ಬ್ಯಾಂಕಿನವರು ‘ಸರ್’ ಎನ್ನುತ್ತಾರೆ, ಹಾಲಿನವನು ‘ಶೇಠ್’ ಎಂದು ಬಾಯಿ ತುಂಬ ಕರೆದು ನೀರು ತುಂಬಿದ ಹಾಲು ಕೊಡುತ್ತಾನೆ. ಹಾಸ್ಟೆಲಿನಲ್ಲಿರುವ ಮಗಳಿಗೆ ನಾನು ‘ಅಪ್ಪಾ’. ಹೆಂಡತಿ ಇಂದೂಗೆ ಬರೀ ‘ರೀ’. ಇಷ್ಟು ಒಳ್ಳೆಯ ಹೆಸರು ಹೀಗೆ ಬಳಕೆಯಿಲ್ಲದೆ ತುಕ್ಕು ಹಿಡಿಯುವುದು ಯಾವ ನ್ಯಾಯ ಸ್ವಾಮಿ?

ನಮ್ಮ ಬೈಲಹೊಂಗಲದ ಕಡೆ ಹಳೆಯ ಪದ್ಧತಿಯ ಮನೆಗಳಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಏನಾಗುತ್ತದೆಂದು ಯಾರಿಗೂ ಗೊತ್ತಿಲ್ಲ, ಏಕೆಂದರೆ ಯಾರೂ ಹೇಳಿ ನೋಡಿಲ್ಲ. ಇಂದೂ ಈ ವಿಷಯದಲ್ಲಿ ಬಲು ಗಟ್ಟಿ. ಒಮ್ಮೆ ನಾನು ಆಪರೇಷನ್ ಮುಗಿದು ಮಂಪರಿನಲ್ಲಿ ಮಲಗಿದ್ದಾಗ ನರ್ಸ್ ಬಂದು ಪೇಶಂಟಿನ ಹೆಸರು ಕೇಳಿದಳು. “ಇಲ್ಲೇ ಮಲಗ್ಯಾರಲ್ರಿ, ಎಚ್ಚರಾದ ಮ್ಯಾಲೆ ಅವರನ್ನ ಕೇಳ್ರಿ,” ಎಂದಳು ಇಂದೂ. ನರ್ಸ್ ತನಗೆ ತೋಚಿದ ಹೆಸರು ಬರೆದುಕೊಂಡು ಹೋದಳು. ಎರಡು ದಿನ ನಾನು ಕಾಡಪ್ಪ ಎಂಬವನ ಗಂಜಿ ಕುಡಿದೆ.

ಹೆಸರು ಹೇಳಲು ನಮ್ಮಲ್ಲಿರುವುದು ಒಂದೇ ದಾರಿ, ಒಡಪು. ಪ್ರಾಸ ಕೂಡಿಸಿ ಎರಡು ಸಾಲು ಕಟ್ಟಬೇಕು, ಆ ಸಾಲಿನಲ್ಲಿ ಗಂಡನ ಹೆಸರು ಬರಬೇಕು. ಮದುವೆಗಳಲ್ಲಿ, ಬಸುರಿಯರ ಕುಬಸಗಳಲ್ಲಿ ಹೆಂಗಸರು ಹಿಡಿದು ಕೂರಿಸಿ ಹೇಳಿಸುತ್ತಾರೆ. ನಮ್ಮ ಮದುವೆಯಲ್ಲೂ ಹಿಡಿದರು. ನನ್ನ ಅತ್ತೆಯರು, ಚಿಕ್ಕಮ್ಮಂದಿರು ಬಾಗಿಲಿಗೆ ಅಡ್ಡ ನಿಂತು, “ಹೆಸರು ಹೇಳವ್ವಾ, ಹೆಸರು ಹೇಳೋಮಟಾ ಬಿಡಾಂಗಿಲ್ಲ!” ಎಂದು ಕೂಗಿದರು. ನಾನು ಬಾಸಿಂಗ ಸರಿಸಿ ಕಿವಿ ಖಾಲಿ ಮಾಡಿಕೊಂಡು ಕೂತೆ. ಇಂದೂ ತಲೆ ತಗ್ಗಿಸಿ, “ಹಸಿವ್ಯಾಗೇದ್ರಿ, ಉಂಡು ಆಮ್ಯಾಲೆ ಹೇಳ್ತೇನಿ,” ಎಂದಳು. ಉಣ್ಣಲು ಬಿಟ್ಟರು. ಅದಾಗಿ ಇಪ್ಪತ್ತು ವರ್ಷದ ಮೇಲಾಯಿತು, ಇಂದೂಳ ಆ ‘ಆಮ್ಯಾಲೆ’ ಇನ್ನೂ ಬಂದಿಲ್ಲ. ಸುಳ್ಳು ಯಾಕೆ ಹೇಳಲಿ, ಅವಳ ಬಾಯಿಂದ ಒಮ್ಮೆ ನನ್ನ ಹೆಸರು ಕೇಳಬೇಕೆಂಬುದು ನನ್ನ ಬಾಳಿನ ದೊಡ್ಡ ಆಸೆ.

ಈ ವರ್ಷ ಕಾತ್ರಜದಲ್ಲಿ ಹೊಸ ಫ್ಲ್ಯಾಟು ಕೊಂಡೆವು. ಇಂದೂಗೆ ಹಾಡೆಂದರೆ ಪ್ರಾಣ. ಹಳೆಯ ಮನೆಯಲ್ಲಿ ಅಡುಗೆಮನೆಯ ರೇಡಿಯೋ ಕೇಳಲು ಬಟ್ಟೆ ಒಗೆಯುವುದನ್ನೂ ಅಡುಗೆಮನೆಗೇ ತಂದವಳು ಅವಳು. ಹೊಸ ಮನೆಯಲ್ಲಿ ಖೋಲಿಗೊಂದು ಸ್ಪೀಕರು ಹಾಕಿಸಿ, ಆಕೆ ಎಲ್ಲಿ ಹೋದರೂ ಹಾಡು ಅವಳ ಬೆನ್ನು ಬೀಳುವಂತೆ ಮಾಡುತ್ತೇನೆ ಎಂದು ಮಾತು ಕೊಟ್ಟೆ. ಮಾತು ಕೊಟ್ಟಾಗ ನನ್ನ ತಲೆಯಲ್ಲಿ ಹಾಡು ಮಾತ್ರವೇ ಇತ್ತು. ಸ್ವಪ್ನಿಲ್‌ನ ಅಂಗಡಿಗೆ ಹೋದ ಮೇಲೆ ಬುದ್ಧಿ ಓಡಿತು.

ಸ್ವಪ್ನಿಲ್ ಈ ಸಿಸ್ಟಮ್ಮುಗಳನ್ನು ಮಾರಿ ಕೂಡಿಸಿಕೊಡುವ ಮರಾಠಿ ಹುಡುಗ. ಅವನೂ ನಮ್ಮ ಕಟ್ಟಡದವರೂ ಮರಾಠಿಯಲ್ಲಿ ಆಡಿದ ಮಾತುಗಳನ್ನು ನಾನಿಲ್ಲಿ ಬಹುಮಟ್ಟಿಗೆ ಕನ್ನಡ ಮಾಡಿ ಬರೆಯುತ್ತಿದ್ದೇನೆ.

“ಕಾಕಾ, ಇದು ಬಾಯಿಮಾತಿಗೆ ನಡೆಯುತ್ತದೆ,” ಎಂದ ಸ್ವಪ್ನಿಲ್. “ಒಂದು ಹೆಸರಿಡಿ. ಆ ಹೆಸರು ಹಿಡಿದು ಕರೆದು ಹಾಡು ಅಂದರೆ ಹಾಡುತ್ತದೆ, ನಿಲ್ಲು ಅಂದರೆ ನಿಲ್ಲುತ್ತದೆ. ಯಾವ ಭಾಷೆಯಾದರೂ ಸರಿ. ಆದರೆ ಮನೆಯ ಎರಡೇ ಎರಡು ದನಿ ಗುರುತಿಟ್ಟುಕೊಳ್ಳುತ್ತದೆ. ಬೇರೆಯವರು ತಲೆಕೆಳಗಾಗಿ ನಿಂತು ಕರೆದರೂ ಓಗೊಡುವುದಿಲ್ಲ.”

“ಜನ ಏನು ಹೆಸರಿಡ್ತಾರೆ?”

“ಸೋನಿ, ರಾಣಿ... ಕೆಲವರು ತಮ್ಮ ನಾಯಿಯ ಹೆಸರು.”

“ನೀನು ಬಸವಲಿಂಗ ಅಂತ ಇಡು.”

“ದೇವರ ಹೆಸರಾ ಕಾಕಾ?”

“ನನ್ನ ಹೆಸರು!” ಎಂದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ಹೊಸದಾಗಿ ನೋಡಿದ.

ನನ್ನ ಯುಕ್ತಿ ನಿಮಗೆ ಹೊಳೆದಿರಬೇಕು. ಇಂದೂಗೆ ಹಾಡು ಬೇಕು. ಹಾಡು ಬೇಕಾದರೆ ನನ್ನ ಹೆಸರು ಹೇಳಲೇಬೇಕು. ಬೈಲಹೊಂಗಲದ ಅಷ್ಟೂ ಹೆಂಗಸರ ಕೈಲಾಗದ್ದನ್ನು ನಾನು ವೈರು ಎಳೆದು ಮಾಡಿಸುತ್ತಿದ್ದೆ. ನನ್ನ ಬೆನ್ನು ನಾನೇ ಚಪ್ಪರಿಸಿಕೊಳ್ಳಲು ಕೈ ಎಟುಕಲಿಲ್ಲ, ಅಷ್ಟೇ.

ಗೋಡೆಯೊಳಗೆ ವೈರು ಹೂತು, ಹಾಲಿಗೆ, ಅಡುಗೆಮನೆಗೆ, ಮಲಗುವ ಖೋಲಿಗೆ, ಬಚ್ಚಲಿಗೆ ಒಂದೊಂದು ಸ್ಪೀಕರು ಕೂಡಿಸಿದರು. ಎಲ್ಲವನ್ನೂ ನಡೆಸುವ ದೊಡ್ಡ ಪೆಟ್ಟಿಗೆ ಅಟ್ಟದ ಕಪಾಟಿನಲ್ಲಿ ಕೂತಿತು. ಕರೆಂಟು ಹೋದರೂ ಹಾಡು ನಿಲ್ಲಬಾರದೆಂದು ಅದಕ್ಕೆ ಕಪಾಟಿನೊಳಗೇ ಇನ್ವರ್ಟರನ್ನೂ ಜೋಡಿಸಿದೆ. ನನ್ನ ದನಿ ಕೊಟ್ಟು, ಬಾಯಿಯವರ, ಎಂದರೆ ಇಂದೂಳ, ದನಿ ತೆಗೆದುಕೋ ಎಂದು ಸ್ವಪ್ನಿಲ್‌ಗೆ ಹೇಳಿ ಅಂಗಡಿಗೆ ಹೋದೆ. ಸಂಜೆ ಬರುತ್ತಲೇ ಕೇಳಿದೆ, “ದನಿ ಕೊಟ್ಟಾಯ್ತೇನು?”

“ಕೊಟ್ಟಾಯ್ತ್ರಿ.” ಇಂದೂ ಬಹಳ ಶಾಂತಳಾಗಿದ್ದಳು.

“ಹೆಸರು ಹೇಳಿ?”

“ಹೆಸರು ಹೇಳದ ಅದು ತಗೋತದೇನ್ರಿ?”

ನನಗೆ ಸಂತೋಷಕ್ಕೆ ಊಟ ಸೇರಲಿಲ್ಲ. ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ತಲೆಗೆ ಸಾಬೂನು ಹಚ್ಚಿ ಸ್ಪೀಕರಿನ ಜೊತೆ ನಾನೂ ಗಟ್ಟಿಯಾಗಿ ಹಾಡುತ್ತಿದ್ದೆ. ಹೊರಗಿನಿಂದ ಹೆಣ್ಣುದನಿಯೊಂದು ಗುಡುಗಿತು. “ಏ ಬಸವಲಿಂಗಾ, ಗಪ್ಪ ಬಸ್!”

ನಾನು ತಟ್ಟನೆ ಬಾಯಿ ಮುಚ್ಚಿದೆ. ಹೇಳಿಬಿಟ್ಟಳು! ಆಮೇಲೆ ಯೋಚನೆ ಬಂತು. ‘ರೀ’ಯಿಂದ ನೇರ ‘ಏ’ಗೆ ಇಳಿಯುವುದೆಂದರೇನು, ಅದೂ ಮರಾಠಿಯಲ್ಲಿ? ಟವೆಲ್ ಸುತ್ತಿಕೊಂಡು ಓಡಿಬಂದು ನೋಡಿದರೆ ಪಾತ್ರೆ ತೊಳೆಯುವ ಭಾಮಾ ಸೌಟು ಹಿಡಿದು ಸ್ಪೀಕರಿನ ಮುಂದೆ ನಿಂತಿದ್ದಾಳೆ. “ಬಸವಲಿಂಗಾ, ದುಸರಂ ಲಾವ್!” ಎಂದಳು. ಕೂಡಲೇ ಬೇರೆ ಹಾಡು ಹತ್ತಿತು. ಇಂದೂ ತಲೆಯಾಡಿಸುತ್ತ ರೊಟ್ಟಿ ಬಡಿಯುತ್ತಿದ್ದಳು.

“ಆಕಿ ಯಾಕ ಹೇಳಾಕತ್ತಾಳ?” ಎಂದೆ.

“ನನ್ನ ಕೈಯೆಲ್ಲಾ ಹಿಟ್ಟಾಗೇದ್ರಿ.”

“ಕೈಗೆ ಹಿಟ್ಟಾದ್ರ ಬಾಯಿಗೇನಾಗೇದ?”

“ನಿಮ್ಮ ಕಣ್ಣಾಗ ಸಾಬಾಣ ಹೊಂಟದ, ಹೋಗಿ ತೊಳಕೋರಿ,” ಎಂದಳು ಇಂದೂ.

ಒಂದೇ ಅಡುಗೆಮನೆಯಲ್ಲಿ ದುಡಿಯುವ ಹೆಂಗಸರ ದನಿ ಯಂತ್ರಕ್ಕೆ ಒಂದೇ ತರಹ ಕೇಳಿಸುತ್ತದೆ, ಅದಕ್ಕೇ ಭಾಮಾಳ ಮಾತನ್ನೂ ಕೇಳುತ್ತಿದೆ ಎಂದು ನಾನು ತಕ್ಷಣ ಕಂಡುಹಿಡಿದೆ. ಇಂಥದ್ದರಲ್ಲಿ ನನ್ನ ತರ್ಕ ತಪ್ಪುವುದು ಕಡಿಮೆ.

ಅಂದಿನಿಂದ ಭಾಮಾಳ ರಾಜ್ಯಭಾರ. ಇಂದೂಗೆ ಹಾಡು ಬೇಕೆಂದರೆ ಭಾಮಾಳಿಗೆ ಕಣ್ಣು ಮಾಡಿದರೆ ಸಾಕು. “ಬಸವಲಿಂಗಾ, ಕಿರುಚಬೇಡ! ಬಸವಲಿಂಗಾ, ಮುಂದೆ ನಡೆ! ಬಸವಲಿಂಗಾ, ಸಾಕು, ಬಿದ್ದಿರು ಅಲ್ಲೇ!” ನನ್ನ ಮನೆಯಲ್ಲಿ ನನ್ನ ಹೆಸರಿಗೆ ಕಸಬರಿಗೆಯ ಮರ್ಯಾದೆಯೂ ಉಳಿಯಲಿಲ್ಲ. ಒಂದು ದಿನ ಲಿಫ್ಟಿನಲ್ಲಿ ಮೇಲಿನ ಮಹಡಿಯ ಸ್ನೇಹಲ್ ಎಂಬ ತರುಣಿ ಕೇಳಿದಳು. “ಕಾಕಾ, ನಿಮ್ಮಲ್ಲಿ ಬಸವಲಿಂಗ ಅಂತ ಹೊಸ ಆಳು ಬಂದಿದ್ದಾನಾ? ಪಾಪ, ಮೂರು ಹೊತ್ತೂ ಬೈಸಿಕೊಳ್ಳುತ್ತಾನೆ. ಊಟಕ್ಕಾದರೂ ಸರಿಯಾಗಿ ಕೊಡುತ್ತೀರಾ?”

“ಕೊಡುತ್ತಾರೆ,” ಎಂದೆ.

ಕಟ್ಟಡದಲ್ಲಿ ನಾವು ಹೆದರಬೇಕಾದವರು ಒಬ್ಬರೇ, ಸೊಸೈಟಿಯ ಸೆಕ್ರೆಟರಿ ಕೃಷ್ಣಾಜಿ. ಅವರ ಫ್ಲ್ಯಾಟು ನಮ್ಮ ಫ್ಲ್ಯಾಟಿನ ಕೆಳಗೇ ಇದೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅವರು ಮಲಗುತ್ತಾರೆ. ಮಲಗುತ್ತಾರೆ ಎಂದರೆ ನಿಮಗೆ ತಿಳಿಯಲಿಕ್ಕಿಲ್ಲ. ಆ ಹೊತ್ತಿಗೆ ಕೊರಿಯರಿನವನು ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಡುತ್ತಾನೆ. ಒಂದು ಭಾನುವಾರ ಒಂದು ಹೊಡೆದು ಸ್ವಲ್ಪ ಹೊತ್ತಾದ ಮೇಲೂ ನಮ್ಮಲ್ಲಿ ಹಾಡು ನಡೆದಿತ್ತು. ಕೃಷ್ಣಾಜಿ ದಿಂಬು ಕಂಕುಳಲ್ಲಿ ಇಟ್ಟುಕೊಂಡೇ ಮೇಲೆ ಬಂದರು.

“ಇನ್ನೊಮ್ಮೆ ನನ್ನ ನಿದ್ದೆಯಲ್ಲಿ ಇದರ ಸದ್ದು ಬಂದರೆ ಮೀಟಿಂಗು ಕರೆಯುತ್ತೇನೆ. ಒಂದೊಂದು ಸ್ಪೀಕರನ್ನೂ ಗೋಡೆಯಿಂದ ಕೀಳಿಸುತ್ತೇನೆ.”

“ಸಾಹೇಬ್, ಒಂದೇ ಮಾತಿಗೆ ನಿಲ್ಲುತ್ತದೆ ನೋಡಿ,” ಎಂದು ನಾನು ನಿಲ್ಲಿಸಿ ತೋರಿಸಿದೆ.

“ಹಾಗಾದರೆ ಆ ಮಾತನ್ನು ಒಂದು ಹೊಡೆಯುವ ಮೊದಲು ಹೇಳಿ,” ಎಂದು ದಿಂಬನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ಇಳಿದರು.

ಇಂದೂಳ ಮುಖ ಬಿಳಿಚಿಕೊಂಡಿತ್ತು. ಕೃಷ್ಣಾಜಿಯ ನಿದ್ದೆಗೆ ಆಕೆ ಎಷ್ಟು ಹೆದರುತ್ತಾಳೆಂದು ನನಗೆ ಆಗ ತಿಳಿಯಿತು. ಅಲ್ಲೇ ಎರಡನೆಯ ಯುಕ್ತಿ ಹುಟ್ಟಿತು. ಮೊದಲನೆಯದಕ್ಕಿಂತ ಇದು ಬಲವಾದದ್ದು.

ನಮ್ಮ ಮದುವೆಯ ವಾರ್ಷಿಕೋತ್ಸವದ ದಿನ ಹತ್ತಿರ ಬಂದಿತ್ತು. ಅದೇ ವಾರ ಭಾಮಾ ಅಕ್ಕನ ಮಗಳ ಮದುವೆಗೆಂದು ಲೋಣಾವಳಾಕ್ಕೆ ಹೊರಟಳು. ಅಂದರೆ ಹೆಸರು ಹೇಳಲು ಇಂದೂಗೆ ಎರವಲು ಬಾಯಿ ಇಲ್ಲ. ನಮ್ಮ ಮದುವೆಯ ಹಳೆಯ ವಿಡಿಯೋ ಕ್ಯಾಸೆಟ್ಟಿನ ಧ್ವನಿಯನ್ನು ನಾನು ಫೋನಿಗೆ ಹಾಕಿಸಿಕೊಂಡು ಬಂದೆ. ಅದರಲ್ಲಿ ಬ್ಯಾಂಡಿತ್ತು, ಶಹನಾಯಿ ಇತ್ತು, ಹೆಸರು ಹೇಳೆಂದು ಕೂಗುವ ನಮ್ಮ ಅತ್ತೆಯರೆಲ್ಲ ಇದ್ದರು. ವಾರ್ಷಿಕೋತ್ಸವದ ದಿನ ಮಧ್ಯಾಹ್ನ ಒಂದೂವರೆಗೆ ಅದು ಎಲ್ಲ ಖೋಲಿಗಳಲ್ಲಿ ತಾನಾಗಿ ಹತ್ತುವಂತೆ ಇಟ್ಟೆ. ಸದ್ದು ಪೂರ್ತಿ. ನಾನು ಒಂದಕ್ಕೆ ಅಂಗಡಿ ಮುಚ್ಚಿ ಹೊರಟು ಒಂದೂವರೆಯೊಳಗೆ ಮನೆಯಲ್ಲಿರುತ್ತೇನೆ. ಅತ್ತೆಯರು ನಾಲ್ಕೂ ಕಡೆಯಿಂದ ಕೇಳುತ್ತಾರೆ, ಕೆಳಗೆ ಕೃಷ್ಣಾಜಿ ಮಗ್ಗುಲು ಬದಲಿಸುತ್ತಾರೆ, ಇಂದೂ ಹೆದರಿ ಹೆಸರು ಹೇಳಿ ನಿಲ್ಲಿಸುತ್ತಾಳೆ, ನಾನು ಎದುರಿಗೇ ನಿಂತು ಕೇಳುತ್ತೇನೆ. ಒಂದು ನಿಮಿಷದ ಕೆಲಸ.

ಅಡ್ಡದಾರಿ ಇರಬಾರದೆಂದು ಅಟ್ಟದ ಕಪಾಟಿಗೆ ಬೀಗ ಹಾಕಿ ಕೀಲಿಕೈ ಜೇಬಿಗೆ ಹಾಕಿದೆ. ಹಾಡು ಹೊರಡುವುದು ಫೋನಿನಿಂದಲೇ, ಹಾಗಾಗಿ ಫೋನನ್ನು ಫ್ರಿಜ್ಜಿನ ಮೇಲೆ ಬಿಟ್ಟೆ. ಅದು ನನ್ನ ಹೆಬ್ಬೆರಳಿಗಷ್ಟೇ ತೆರೆಯುತ್ತದೆ. ಹೆಬ್ಬೆರಳು ನನ್ನ ಜೊತೆ ಅಂಗಡಿಗೆ ಬಂತು.

ಒಂದಕ್ಕೆ ಸರಿಯಾಗಿ ಅಂಗಡಿ ಮುಚ್ಚಿ, ಇಂದೂಗೆ ಮಲ್ಲಿಗೆ ಮಾಲೆ ಕೊಂಡು ಸ್ಕೂಟರ್ ಹತ್ತಿದೆ. ಸ್ವಾರಗೇಟಿನ ತನಕ ಎಲ್ಲ ಸುಸೂತ್ರ. ಪದ್ಮಾವತಿಯ ಸಿಗ್ನಲ್ಲು ಕೆಂಪಾದ ಮೇಲೂ ನಾನು ಹಸಿರು ಮನಸ್ಸಿನಲ್ಲಿದ್ದೆ. ಟ್ರಾಫಿಕ್ ಪೊಲೀಸ ಕೈ ಅಡ್ಡ ಹಾಕಿ ಬದಿಗೆ ಎಳೆದ.

“ಹೆಸರು?”

ನನಗೆ ಅವನ ಮೇಲೆ ಪ್ರೀತಿ ಉಕ್ಕಿತು. “ಬಸವಲಿಂಗ,” ಎಂದೆ. “ಬಿಡಿಸಿ ಬರೀರಿ, ಪೂರ್ತಿ ಬರೀರಿ.”

“ಏನು ಅವಸರ?”

“ಮನೆಯಲ್ಲಿ ಈಗ ನನ್ನ ಹೆಂಡತಿ ನನ್ನ ಹೆಸರು ಹೇಳುವವಳಿದ್ದಾಳೆ. ಗೋಡೆಗಳೆಲ್ಲ ಕೇಳುತ್ತಿವೆ. ನಾನು ಹೋಗಲೇಬೇಕು.”

ಅವನು ಕಪ್ಪು ಕನ್ನಡಕ ತೆಗೆದು ನನ್ನನ್ನು ನೋಡಿದ. ಮಲ್ಲಿಗೆ ಮಾಲೆ ನೋಡಿದ. ಆಮೇಲೆ ಸಾಹೇಬರನ್ನು ಕರೆದ. ಸಾಹೇಬರು ಕುಡಿದವರನ್ನು ಹಿಡಿಯುವ ಯಂತ್ರದ ಕೊಳವೆಯನ್ನು ನನ್ನ ಬಾಯಿಗಿಟ್ಟು ಊದು ಎಂದರು. ಊದಿದೆ. ಏನೂ ಬರಲಿಲ್ಲ. ಯಂತ್ರ ಕೆಟ್ಟಿರಬೇಕೆಂದು ಅವರು ಇನ್ನೊಂದು ತರಿಸಿದರು. ಅದು ಬರುವವರೆಗೆ ನಾನು ಮನೆಯ ಸಿಸ್ಟಮ್ಮಿನ ವಿವರ ಕೊಟ್ಟೆ. ಕೇಳಿ ಕೇಳಿ ಅವರು ಇನ್ನೊಮ್ಮೆ ಊದಿಸಿದರು.

ನಾನು ಸೊಸೈಟಿಯ ಗೇಟು ತಲುಪಿದಾಗ ಎರಡು ಹೊಡೆದು ಬಹಳ ಹೊತ್ತಾಗಿತ್ತು. ವಾಚ್‌ಮನ್ ಜಾಗದಲ್ಲಿರಲಿಲ್ಲ. ಮೇಲಿನಿಂದ ಬ್ಯಾಂಡಿನ ಸದ್ದು ಓಣಿಯ ತನಕ ಬರುತ್ತಿತ್ತು. ಬ್ಯಾಂಡಿನ ಜೊತೆಗೆ ಇನ್ನೊಂದು ಸದ್ದು.

“ಬಸವಲಿಂಗಾ! ಬಸವಲಿಂಗಾ! ಬಸವಲಿಂಗಾ!”

ಗಂಡಸರು, ಹೆಂಗಸರು, ಮಕ್ಕಳು ಎಲ್ಲ ಸೇರಿ ಕಂಠ ಬಿರಿಯುವಂತೆ ಕೂಗುತ್ತಿದ್ದರು. ನಾನು ಸ್ಕೂಟರ್ ನಿಲ್ಲಿಸಿ ಹಾಗೇ ನಿಂತೆ. ಇಷ್ಟು ವರ್ಷ ಈ ಊರಿನಲ್ಲಿ ಪೆನ್ನು ಮಾರಿದೆ, ಯಾರೂ ಕಾಕಾ, ಸರ್, ಶೇಠ್ ಬಿಟ್ಟು ಇನ್ನೊಂದು ಅನ್ನಲಿಲ್ಲ. ಇಂದು ಒಂದಿಡೀ ಕಟ್ಟಡ ನನ್ನ ಹೆಸರು ಜಪಿ‌ಸುತ್ತಿದೆ! ನಮ್ಮ ಮದುವೆಯ ದಿನವೆಂದು ಇಂದೂ ಎಲ್ಲರನ್ನೂ ಸೇರಿಸಿ ಏನೋ ಏರ್ಪಾಡು ಮಾಡಿದ್ದಾಳೆ ಎಂಬುದು ಸ್ಪಷ್ಟವಾಗಿತ್ತು. ಇಂಥ ಹೊತ್ತಿನಲ್ಲಿ ಗಡಿಬಿಡಿ ಮಾಡುವುದು ಸಣ್ಣವರ ಲಕ್ಷಣ. ಮುಖ ಒರೆಸಿಕೊಂಡೆ, ಅಂಗಿ ಸರಿ ಮಾಡಿಕೊಂಡೆ, ಸ್ಕೂಟರಿನ ಕನ್ನಡಿಯಲ್ಲಿ ಬೈತಲೆ ತೆಗೆದೆ. ಲಿಫ್ಟು ಬಿಟ್ಟು, ಎಲ್ಲರಿಗೂ ಕಾಣಲೆಂದು ಮೆಟ್ಟಿಲಿನಲ್ಲೇ ಹತ್ತಿದೆ.

ಬಾಗಿಲು ತೆರೆದಿತ್ತು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಬನಿಯನ್ನು, ಪಟ್ಟಾಪಟ್ಟಿ ಚಡ್ಡಿಯಲ್ಲಿ ಕೃಷ್ಣಾಜಿ ಸ್ಟೂಲಿನ ಮೇಲೆ ನಿಂತು ಹಾಲಿನ ಸ್ಪೀಕರಿಗೆ ಬಾಯಿ ಹಚ್ಚಿ, “ಬಸವಲಿಂಗಾ, ಥಾಂಬ್! ಅರೇ ನಿಲ್ಲು!” ಎಂದು ಅರಚುತ್ತಿದ್ದರು. ಅಡುಗೆಮನೆಯ ಸ್ಪೀಕರಿನ ಮುಂದೆ ಸ್ನೇಹಲ್, ಮಲಗುವ ಖೋಲಿಯಲ್ಲಿ ಕೃಷ್ಣಾಜಿಯ ಹೆಂಡತಿ ಮುಕ್ತಾಬಾಯಿ, ಬಚ್ಚಲಲ್ಲಿ ವಾಚ್‌ಮನ್. ಯಾರೋ ಮೇನ್ ಸ್ವಿಚ್ ತೆಗೆದಿದ್ದರು. ಫ್ಯಾನು ನಿಂತು ಎಲ್ಲರೂ ಬೆವರಿನಲ್ಲಿ ತೊಯ್ದಿದ್ದರು. ಇನ್ವರ್ಟರಿನ ದಯದಿಂದ ಮದುವೆ ಮಾತ್ರ ಸಾಂಗವಾಗಿ ನಡೆದಿತ್ತು. “ಹೆಸರು ಹೇಳೋಮಟಾ ಬಿಡಾಂಗಿಲ್ಲ!” ಎಂದು ನಮ್ಮ ಅತ್ತೆಯರು ನಾಲ್ಕೂ ಗೋಡೆಗಳಿಂದ ಕೂಗಿದರು. “ಸಾರು ಈ ಕಡೆ ಬರ್ಲೆಪ್ಪೋ!” ಎಂದು ಯಾರೋ ಪಂಕ್ತಿಯಿಂದ ಕೂಗಿದರು.

ನಾನು ಎಲ್ಲರಿಗೂ ಕೈ ಮುಗಿದೆ. “ನಿಮ್ಮ ಪ್ರೀತಿ ದೊಡ್ಡದು,” ಎಂದು ಆರಂಭಿಸಿದೆ.

“ನಿಲ್ಲಿಸೋ ಅದನ್ನ!” ಎಂದು ಕೃಷ್ಣಾಜಿ ಸ್ಟೂಲಿನ ಮೇಲಿಂದಲೇ ನನ್ನ ಕಾಲರ್ ಹಿಡಿದರು.

“ಬಸವಲಿಂಗ, ನಿಲ್ಲು!” ಎಂದೆ.

ನಿಂತಿತು. ಎಲ್ಲೋ ಒಂದು ಕುಕ್ಕರ್ ಸೀಟಿ ಹೊಡೆದದ್ದು ಕೇಳಿಸಿತು.

“ನೋಡಿದಿರಾ ಸಾಹೇಬ್, ಒಂದೇ ಮಾತು,” ಎಂದೆ.

ಕೃಷ್ಣಾಜಿ ಮೆಲ್ಲಗೆ ಸ್ಟೂಲಿನಿಂದ ಇಳಿದರು. ಅವರ ಗಂಟಲು ಕಟ್ಟಿಹೋಗಿತ್ತು. “ಒಂದೇ ಮಾತಾ? ನನ್ನ ಜನ್ಮದಲ್ಲಿ ದೇವರ ಹೆಸರನ್ನೂ ಇಷ್ಟು ಸಲ ಹೇಳಿಲ್ಲ. ಎಲ್ಲರೂ ಹೇಳಿದೆವು, ನಿಮ್ಮ ಯಂತ್ರ ಕ್ಯಾರೇ ಅನ್ನಲಿಲ್ಲ. ಕೊನೆಗೆ ನಿಮ್ಮ ಹೆಂಡತಿ ಹೇಳಿದರು, ಅದಕ್ಕೂ ನಿಲ್ಲಲಿಲ್ಲ!”

“ಏನು ಹೇಳಿದಳು?”

“ಏನು ಅಂದರೆ? ಹೆಸರು! ನಿಮ್ಮ ಹೆಸರು!”

ಮಲ್ಲಿಗೆ ಮಾಲೆ ನನ್ನ ಕೈಯಿಂದ ಜಾರಿ ಬಿತ್ತು. ಇಂದೂಳನ್ನು ಹುಡುಕಿದೆ. ಆಕೆ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಸೆರಗು ಮಾತ್ರ ಕಾಣುತ್ತಿತ್ತು.

ಮುಕ್ತಾಬಾಯಿ ಮುಂದೆ ಬಂದು ಎಲ್ಲ ಬಿಡಿಸಿ ಹೇಳಿದರು. “ನಾವು ಬಂದಾಗಿನಿಂದ ಪಾಪ ಇಂದೂಬಾಯಿ ಕೈ ಕೈ ಹಿಸುಕಿಕೊಂಡು ಸುಮ್ಮನೆ ನಿಂತಿದ್ದರು. ಆಗ ನಮ್ಮ ಇವರು ಸಿಟ್ಟಿನಲ್ಲಿ, ‘ಈ ಮನುಷ್ಯ ಶುದ್ಧ ಮೂರ್ಖ, ಗುಜರಿ ಸಾಮಾನು ತಂದು ಗೋಡೆಗೆ ಹೊಡೆದಿದ್ದಾನೆ’ ಅಂದುಬಿಟ್ಟರು. ಅಷ್ಟೇ ನೋಡಿ! ಇಂದೂಬಾಯಿ ಕೆಂಪಗಾಗಿ, ‘ನಮ್ಮ ಮನೆಯವರು ತಂದದ್ದು ಗುಜರಿ ಅಲ್ಲ, ಅವರು ಮೂರ್ಖರೂ ಅಲ್ಲ, ಈಗ ನಿಲ್ಲುತ್ತದೆ ನೋಡಿ’ ಎಂದು ಸೆರಗು ಹೊದ್ದು ಆ ಸ್ಪೀಕರಿನ ಮುಂದೆ ಬಂದು ನಿಂತರು. ಕೈ ಜೋಡಿಸಿ ಉಖಾಣಾ ಹೇಳಿದರು. ನಮ್ಮಲ್ಲೂ ಹೇಳುತ್ತಾರಲ್ಲ, ಪ್ರಾಸ ಕಟ್ಟಿ ಗಂಡನ ಹೆಸರು, ಹಾಗೆ.”

“ಏನಂತ ಹೇಳಿದಳು? ಮೊದಲನೇ ಸಾಲು ಏನು?”

“ಕನ್ನಡದಲ್ಲಿತ್ತಲ್ಲ, ನಮಗೇನು ತಿಳಿಯಬೇಕು? ಬಸವಲಿಂಗ ಅನ್ನುವುದೊಂದು ತಿಳಿಯಿತು.”

ಕಟ್ಟಡದಲ್ಲಿ ಕನ್ನಡ ಬಲ್ಲ ಗಂಡಸು ನಾನೊಬ್ಬನೇ. ಆ ನಾನು ಅದೇ ಹೊತ್ತಿಗೆ ಪದ್ಮಾವತಿ ಚೌಕದಲ್ಲಿ ಕೊಳವೆ ಊದುತ್ತಿದ್ದೆ. ನನಗೆ ನಿಜವಾಗಿ ಅಳು ಬಂತು. ಇಪ್ಪತ್ತು ವರ್ಷ ಕಾದವನು ನಾನು, ಕೇಳಿದವನು ವಾಚ್‌ಮನ್!

“ನಿಮಗೆ ಒಂದು ಮಾತು ಹೇಳುತ್ತೇನೆ,” ಎಂದರು ಕೃಷ್ಣಾಜಿ. ಅವರ ಸಿಟ್ಟು ಅರ್ಧ ಇಳಿದಿತ್ತು. “ನಾನೂ ಸಂಸಾರ ಮಾಡಿ ಮುದುಕನಾದೆ. ನನ್ನ ಹೆಸರನ್ನು ಯಾರೂ ಹಾಗೆ ಹೇಳಿಲ್ಲ.”

“ಹಾಗೆ ಹೇಳಿಸಿಕೊಳ್ಳುವ ಕೆಲಸ ನೀವು ಯಾವತ್ತು ಮಾಡಿದಿರಿ?” ಎಂದರು ಮುಕ್ತಾಬಾಯಿ.

ಕೃಷ್ಣಾಜಿ ಗಂಟಲು ಸರಿಪಡಿಸಿಕೊಂಡು ನನ್ನ ಕಡೆ ತಿರುಗಿದರು. “ಅದಿರಲಿ, ಬಾಯಿಯವರು ಹೇಳಿದರೂ ಯಾಕೆ ನಿಲ್ಲಲಿಲ್ಲ?”

ಬಾಗಿಲ ಹಿಂದಿನಿಂದ ಉತ್ತರ ಬಂತು. “ನನ್ನ ದನಿ ಅದಕ್ಕ ಗೊತ್ತಿಲ್ರಿ. ನಾ ಭಾಮಾನ ದನಿ ಕೊಡಿಸಿದ್ದೆ, ಸಿಟ್ಟಿನ್ಯಾಗ ಅದು ನೆನಪಾಗಲಿಲ್ಲ.” ಆಮೇಲೆ ಅದನ್ನೇ ಮರಾಠಿಯಲ್ಲೂ ಹೇಳಿದಳು. ಎಲ್ಲರೂ ನಕ್ಕರು. ನನ್ನ ತರ್ಕದ ಬಗ್ಗೆ ನಾನಿಲ್ಲಿ ಏನೂ ಹೇಳಬಯಸುವುದಿಲ್ಲ.

ಕೃಷ್ಣಾಜಿ ಅಲ್ಲೇ ತೀರ್ಪು ಕೊಟ್ಟರು. “ಯಂತ್ರ ಇರಲಿ, ಆದರೆ ಒಂದು ಶರತ್ತು. ಆ ಭಾಮಾಳ ದನಿ ತೆಗೆದು ಇವರ ದನಿ ಹಾಕಿ. ಈಗಲೇ. ಹಾಕಿದ್ದು ಖಾತ್ರಿಯಾಗದೆ ನಾನು ಮಲಗುವುದಿಲ್ಲ. ನಾನು ಮಲಗದಿದ್ದರೆ ನಿಮ್ಮನ್ನೂ ಮಲಗಲು ಬಿಡುವುದಿಲ್ಲ.” ಎಲ್ಲರನ್ನೂ ಹೊರಗೆ ಹಾಕಿ ತಾವು ನಮ್ಮ ಬಾಗಿಲೆದುರಿನ ಮೆಟ್ಟಿಲ ಮೇಲೆ ಕೂತರು.

ಮನೆಯಲ್ಲಿ ನಾವಿಬ್ಬರೇ ಉಳಿದೆವು. ಫ್ರಿಜ್ಜಿನ ಮೇಲಿನಿಂದ ಫೋನು ತೆಗೆದು, ಭಾಮಾಳ ದನಿ ಅಳಿಸಿ, ಹೊಸ ದನಿ ಎಂಬಲ್ಲಿ ಒತ್ತಿ ಇಂದೂಳ ಮುಂದೆ ಹಿಡಿದೆ. ಯಂತ್ರ ಕಾಯುತ್ತಿತ್ತು. ನಾನಂತೂ ಯಾವಾಗಿನಿಂದ ಕಾಯುತ್ತಿದ್ದೆನೋ.

“ಹೇಳು ಇಂದೂ. ಮಂದಿ ಮುಂದ ಹೇಳೀದಿ, ನನ್ನ ಮುಂದ ಹೇಳು.”

ಇಂದೂ ನೆಲ ನೋಡಿದಳು. “ಆಗಂಗಿಲ್ರಿ.”

“ಯಾಕ ಆಗಂಗಿಲ್ಲ? ಕೃಷ್ಣಾಜಿ ಮುಂದ ಆತು, ವಾಚ್‌ಮನ್ ಮುಂದ ಆತು, ಕಟ್ಟಿಕೊಂಡ ಗಂಡನ ಮುಂದ ಆಗಂಗಿಲ್ಲೇನು?”

“ನೀವು ಇರಲಿಲ್ಲ, ಅದಕ್ಕ ಬಾಯಿ ಬಂತು. ನಿಮ್ಮ ಮಾರಿ ನೋಡಿದ್ರ ನಂಗ ನಾಚಿಕಿ ಬರ್ತದರಿ. ಅವತ್ತೂ ಅಷ್ಟ. ಹಸಿವಿ ಏನೂ ಆಗಿರಲಿಲ್ಲ.”

ಇಷ್ಟು ವರ್ಷ ಪದ್ಧತಿ ಪದ್ಧತಿ ಎಂದು ನಾನು ತಿಳಿದದ್ದು ಇದಾ? ಆಕೆಯ ಕಿವಿ ಕೆಂಪಾಗಿತ್ತು. ನನ್ನ ಎದೆ ಹೊಸ ಮದುಮಗನ ಎದೆಯ ಹಾಗೆ ಹೊಡೆದುಕೊಂಡಿತು. ಆದರೂ ನನಗೆ ಬುದ್ಧಿ ಕೈಕೊಡುವುದಿಲ್ಲ.

“ಹಂಗಾರ ನಾ ಹೊರಗ ಹೋಗ್ತೇನಿ. ನೀ ಅಗಳಿ ಹಾಕ್ಕೊ, ಯಂತ್ರದ ಮುಂದ ಹೇಳು. ನಾ ಕೇಳಂಗಿಲ್ಲ, ಆಣಿ ಮಾಡ್ತೇನಿ.”

ಇಂದೂ ನನ್ನನ್ನು ಒಮ್ಮೆ ನೋಡಿದಳು. “ಖರೇ ಕೇಳಂಗಿಲ್ಲ?”

“ಖರೇ.”

ಹೊರಗೆ ಬಂದೆ. ಒಳಗಿನಿಂದ ಅಗಳಿ ಬಿತ್ತು. ಮೆಟ್ಟಿಲ ಮೇಲೆ ಕೃಷ್ಣಾಜಿ, ಮುಕ್ತಾಬಾಯಿ, ಸ್ನೇಹಲ್, ವಾಚ್‌ಮನ್ ಸಾಲಾಗಿ ಕೂತಿದ್ದರು. ತುಟಿಯ ಮೇಲೆ ಬೆರಳಿಟ್ಟು ಅವರನ್ನು ಸುಮ್ಮನಿರಿಸಿ, ಬಾಗಿಲಿಗೆ ಕಿವಿ ಅಂಟಿಸಿ ನಿಂತೆ. ಕೃಷ್ಣಾಜಿ ಕೆಮ್ಮು ಬಂದದ್ದನ್ನು ಅಂಗೈಯಲ್ಲಿ ಹಿಡಿದುಕೊಂಡರು. ಒಳಗೆ ಬಳೆಯ ಸದ್ದಾಯಿತು. ಆಮೇಲೆ ಇಂದೂಳ ದನಿ, ಮೆಲ್ಲಗೆ, ಒಂದಕ್ಷರವೂ ಬಿಡದಂತೆ:

“ನಾಕು ಖೋಲ್ಯಾಗ ನಾಕು ಪೆಟ್ಟಿಗಿ, ಮೊಳಿ ಹೊಡದಾರ ಗ್ವಾಡಿಗೆ,
ಬಸವಲಿಂಗ ಅವರು ಹೊರಗ ನಿಂತಾರ ಕಿವಿ ಹಚ್ಚಿ ಬಾಗಿಲಿಗೆ!”

ಸ್ಪೀಕರುಗಳು ನಾಲ್ಕೂ ಕಡೆಯಿಂದ ‘ಟಿಣ್’ ಎಂದವು. ಯಂತ್ರ ಆಕೆಯ ದನಿಯನ್ನು ಗುರುತಿಟ್ಟುಕೊಂಡಿತು.

“ಹೇಳಿದರಾ?” ಎಂದು ಕೃಷ್ಣಾಜಿ ಪಿಸುಗುಟ್ಟಿದರು.

ನಾನು ಕಣ್ಣು ಒರೆಸಿಕೊಂಡೆ. ಬಾಗಿಲು ಬಡಿದು ಗಟ್ಟಿಯಾಗಿ ಕೂಗಿದೆ. “ಇಂದೂ, ಯಂತ್ರಕ್ಕ ಏನೂ ಕೇಳಿಸಲಿಲ್ಲಂತ! ಇನ್ನೊಮ್ಮೆ ಹೇಳು!”